ಮನೆ, ದತ್ತು, ಒಡೆತನ: ನಾಗಪುರದ ಭೋಂಸಲೆ ಅರಮನೆ ಮತ್ತು ಮೈಸೂರಿನ ಜಯಲಕ್ಷ್ಮೀ ವಿಲಾಸ

1

‘ಅರಮನೆ’ ಎಂಬ ಕನ್ನಡ ಪದ ಅರಸನ ಮನೆ ಎಂಬ ಅರ್ಥವನ್ನು ತನ್ನೊಳಗೇ ಹೊತ್ತ ಸಮಾಸ. ಉತ್ತರ ಕರ್ನಾಟಕದಲ್ಲಿ ದೇಸಾಯಿ, ದೇಶಮುಖರ ದೊಡ್ಡ ಮನೆಗಳಿಗೆ ‘ವಾಡೆ’ ಎಂಬ ಹೆಸರು ರೂಢಿಯಲ್ಲಿದೆ. ಮಹಾರಾಷ್ಟ್ರದಲ್ಲಿಯೂ ವಿದರ್ಭದಲ್ಲಿಯೂ ಅದೇ ಪದ ‘ವಾಡಾ’ ಎಂದು ಬಳಕೆಯಲ್ಲಿದೆ. ಎರಡು ಪದಗಳೂ ಕಟ್ಟಡವನ್ನು ಮಾತ್ರ ಸೂಚಿಸುವುದಿಲ್ಲ, ಅದರ ಒಡೆಯನನ್ನೂ ಸೂಚಿಸುತ್ತವೆ. ಒಡೆಯ, ಒಡೆತನ, ಒಡವೆ ಎಂಬ ಪದಗಳು ಒಂದೇ ಮೂಲದವು. ಮೈಸೂರಿನ ರಾಜವಂಶ ತನ್ನ ಹೆಸರಾಗಿ ಆರಿಸಿಕೊಂಡದ್ದೂ ಇದೇ ಪರಿವಾರದ ‘ಒಡೆಯರ್’ ಎಂಬ ಪದವನ್ನು. ಹೀಗಿರುವಾಗ ಒಡೆಯನು ಬದಲಾದರೆ ಅಥವಾ ಇಲ್ಲವಾದರೆ ಮನೆಯ ಗತಿಯೇನು ಎಂಬುದು ಇತಿಹಾಸದ ಪ್ರಶ್ನೆಯಾಗಿರುವಂತೆಯೇ ಪದಾರ್ಥದ ಪ್ರಶ್ನೆಯೂ ಆಗುತ್ತದೆ.

ಈ ಪ್ರಶ್ನೆಯನ್ನು ಎರಡು ಮನೆಗಳ ಚರಿತ್ರೆಯ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಒಂದು, ನಾಗಪುರದ ಮಹಾಲ್ ಭಾಗದಲ್ಲಿದ್ದ ಭೋಂಸಲೆಯರ ಅರಮನೆ. ಇನ್ನೊಂದು, ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಜಯಲಕ್ಷ್ಮೀ ವಿಲಾಸ. ಈ ಎರಡು ಮನೆಗಳ ನಡುವೆ ನೂರಾರು ಮೈಲಿಗಳ ಅಂತರವಿದೆ. ವಂಶ ಬೇರೆ, ಭಾಷೆ ಬೇರೆ, ಕಟ್ಟಡದ ಶೈಲಿಯೂ ಬೇರೆ. ಆದರೆ ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ನಾಗಪುರದ ಮುಂದೆಯೂ ಮೈಸೂರಿನ ಮುಂದೆಯೂ ಒಂದೇ ಪ್ರಶ್ನೆ ಬಂದು ನಿಂತಿತು: ದತ್ತುಮಗನಿಗೆ ರಾಜ್ಯವುಂಟೆ? ನಾಗಪುರಕ್ಕೆ ದೊರೆತ ಉತ್ತರ ‘ಇಲ್ಲ’ ಎಂದು. ಮೈಸೂರಿಗೆ ದೊರೆತದ್ದು ‘ಉಂಟು’ ಎಂದು. ಒಂದು ಅರಮನೆ ಅಳಿದು ಹೆಬ್ಬಾಗಿಲಷ್ಟೇ ಉಳಿದುದಕ್ಕೂ ಇನ್ನೊಂದು ನಗರದಲ್ಲಿ ಹೊಸ ಮನೆಗಳು ಎದ್ದುದಕ್ಕೂ ಈ ಉತ್ತರಗಳ ವ್ಯತ್ಯಾಸವೇ ಬಹುಮಟ್ಟಿಗೆ ಕಾರಣ. ಕಲ್ಲು, ಮರಗಳ ಗಟ್ಟಿತನಕ್ಕಿಂತ ಹಕ್ಕಿನ ಗಟ್ಟಿತನವೇ ಮನೆಯ ಆಯುಸ್ಸನ್ನು ನಿರ್ಧರಿಸಿದ ಬಗೆಯನ್ನು ಮೊದಲು ನೋಡಬೇಕು. ಹಕ್ಕು ಗಟ್ಟಿಯಾದ ಮೇಲೆ ಉಳಿಯುವ ಪ್ರಶ್ನೆ ಬೇರೆಯದು. ಅದನ್ನು ಕೊನೆಯಲ್ಲಿ ಚರ್ಚಿಸಬಹುದು.

2

ನಾಗ ನದಿಯ ದಂಡೆಯ ಹಳ್ಳಿಗಳನ್ನು ಒಂದುಗೂಡಿಸಿ ನಾಗಪುರ ಪಟ್ಟಣಕ್ಕೆ ಅಡಿಪಾಯ ಹಾಕಿದವನು ದೇವಗಢದ ಗೊಂಡ ಅರಸ ಬಖ್ತ್ ಬುಲಂದ್ ಶಾಹ. ಇದು ಹದಿನೆಂಟನೆಯ ಶತಮಾನದ ಆರಂಭದ ಮಾತು. ಅವನ ಉತ್ತರಾಧಿಕಾರಿ ಚಾಂದ್ ಸುಲ್ತಾನನು ಇಲ್ಲಿಯೇ ನೆಲೆಸಿ ಪಟ್ಟಣಕ್ಕೆ ಗೋಡೆ ಕಟ್ಟಿಸಿದನು, ಕೆರೆ ತೋಡಿಸಿದನು. ನಾಗಪುರದ ಮೊದಲ ಅರಮನೆ, ಮೊದಲ ಕೋಟೆ ಎರಡೂ ಗೊಂಡರವು ಎಂಬುದನ್ನು ಮರೆಯಬಾರದು.

1739ರಲ್ಲಿ ಚಾಂದ್ ಸುಲ್ತಾನನು ತೀರಿಕೊಂಡಾಗ ಸಿಂಹಾಸನಕ್ಕಾಗಿ ಕಲಹ ಹುಟ್ಟಿತು. ತನ್ನ ಮಕ್ಕಳ ಹಕ್ಕನ್ನು ಉಳಿಸಿಕೊಳ್ಳಲು ಅವನ ವಿಧವೆ ವರ್‍ಹಾಡದಲ್ಲಿದ್ದ ಮರಾಠಾ ಸರದಾರ ರಘೂಜಿ ಭೋಂಸಲೆಯ ನೆರವನ್ನು ಬೇಡಿದಳು. ರಘೂಜಿ ಬಂದನು, ನೆರವಾದನು, ಪ್ರತಿಫಲ ಪಡೆದು ಹಿಂದಿರುಗಿದನು. ಕೆಲವೇ ವರ್ಷಗಳಲ್ಲಿ ಅಣ್ಣತಮ್ಮಂದಿರ ನಡುವೆಯೇ ಜಗಳ ಎದ್ದು ಎರಡನೆಯ ಬಾರಿ ಕರೆ ಬಂದಾಗ ಅವನು ಹಿಂದಿರುಗಲಿಲ್ಲ. 1743ರ ಹೊತ್ತಿಗೆ ನಾಗಪುರ ಭೋಂಸಲೆಯರ ರಾಜಧಾನಿಯಾಯಿತು. ಹೀಗೆ ಸಹಾಯಕ್ಕೆ ಬಂದವನೇ ಒಡೆಯನಾದನು.

ಆದರೂ ಈ ಕೈಬದಲಾವಣೆಯಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ರಘೂಜಿಯು ಗೊಂಡ ಅರಸನನ್ನು ಊರಿನಿಂದ ಹೊರದೂಡಲಿಲ್ಲ. ಬುರ್ಹಾನ್ ಶಾಹನಿಗೆ ರಾಜ ಎಂಬ ಗೌರವವನ್ನೂ ಆದಾಯದಲ್ಲಿ ಪಾಲನ್ನೂ ಉಳಿಸಿಕೊಟ್ಟನು. ಅವನ ವಂಶದವರು ಮುಂದೆಯೂ ನಾಗಪುರದಲ್ಲಿಯೇ ತಮ್ಮ ಕೋಟೆಯಲ್ಲಿ ವಾಸವಾಗಿದ್ದರು. ನೆಲದ ಹಳೆಯ ಒಡೆಯನ ಹೆಸರಿನಲ್ಲಿ ಹೊಸ ಒಡೆಯನು ಆಳುವುದು ಆ ಕಾಲದ ರಾಜಕೀಯದಲ್ಲಿ ಅಪರೂಪವಾಗಿರಲಿಲ್ಲ. ಒಡೆತನವನ್ನು ಪೂರ್ತಿಯಾಗಿ ಕಿತ್ತುಕೊಳ್ಳುವುದಕ್ಕಿಂತ ಒಂದರ ಮೇಲೊಂದು ಪದರವಾಗಿ ಇಡುವುದು ಈ ಪದ್ಧತಿಯ ಸ್ವಭಾವ. ಮುಂದೆ ಕಂಪನಿಯ ಕಾಲದಲ್ಲಿ ನಡೆದುದರೊಂದಿಗೆ ಇದನ್ನು ಹೋಲಿಸಿದಾಗ ವ್ಯತ್ಯಾಸ ಸ್ಪಷ್ಟವಾಗುತ್ತದೆ.

ಭೋಂಸಲೆಯರ ಅರಮನೆ ಎದ್ದದ್ದು ಇಂದು ಮಹಾಲ್ ಎಂದೇ ಹೆಸರಾಗಿರುವ ಹಳೆಯ ಪೇಟೆಯ ನಡುವೆ. ಕಪ್ಪು ಕಲ್ಲಿನ ಕಟ್ಟಡ. ಅದರ ಮೇಲೆ ಹೇರಳವಾದ ಮರದ ಕೆತ್ತನೆ. ಮುಂದೆ ನಗಾರಖಾನೆಯ ಹೆಬ್ಬಾಗಿಲು. ಬಂಗಾಳ, ಒರಿಸ್ಸಾಗಳವರೆಗೆ ದಂಡೆತ್ತಿ ಹೋದ ರಾಜ್ಯವೊಂದರ ಕೇಂದ್ರ ಇದಾಗಿತ್ತು. 1803ರಲ್ಲಿ ಅಸಯೆ ಮತ್ತು ಅರಗಾಂವ್ ಕದನಗಳಲ್ಲಿ ಸೋತ ಮೇಲೆ ಎರಡನೆಯ ರಘೂಜಿಯು ದೇವಗಾಂವ್ ಒಪ್ಪಂದದಂತೆ ಕಟಕ್ ಪ್ರಾಂತವನ್ನೂ ವರ್‍ಹಾಡದ ಭಾಗವನ್ನೂ ಬಿಟ್ಟುಕೊಡಬೇಕಾಯಿತು. 1817ರ ನವೆಂಬರ್ 26 ಮತ್ತು 27ರಂದು ಅಪ್ಪಾಸಾಹೇಬನ ಸೈನ್ಯ ಸೀತಾಬರ್ಡಿ ಗುಡ್ಡದ ಬಳಿ ಬ್ರಿಟಿಷ್ ರೆಸಿಡೆಂಟನ ಪಡೆಯೊಡನೆ ಸೆಣಸಿ ಸೋತಿತು. ಅರಮನೆಯನ್ನು ಹಿಡಿದು ಕುಳಿತಿದ್ದ ಅರಬ್ ಕೂಲಿಸೈನಿಕರು ಡಿಸೆಂಬರ್ ಕೊನೆಯಲ್ಲಿ ಒಪ್ಪಂದ ಮಾಡಿಕೊಂಡು ಹೊರಬಂದರು. ಅಲ್ಲಿಂದಾಚೆಗೆ ಅರಮನೆ ಮಹಾಲ್‌ನಲ್ಲಿ, ಅಧಿಕಾರ ಸೀತಾಬರ್ಡಿಯಲ್ಲಿ ಎಂಬ ಸ್ಥಿತಿ ಏರ್ಪಟ್ಟಿತು. 1818ರಲ್ಲಿ ಮೂರನೆಯ ರಘೂಜಿಯನ್ನು ಬಾಲ್ಯದಲ್ಲಿಯೇ ಪಟ್ಟಕ್ಕೆ ಕೂರಿಸಲಾಯಿತು. ರೆಸಿಡೆಂಟನಾಗಿದ್ದ ರಿಚರ್ಡ್ ಜೆಂಕಿನ್ಸನು ಅವನ ಹೆಸರಿನಲ್ಲಿ ಹಲವು ವರ್ಷ ಆಡಳಿತ ನಡೆಸಿದನು.

3

ಮೂರನೆಯ ರಘೂಜಿ 1853ರ ಡಿಸೆಂಬರ್ 11ರಂದು ತೀರಿಕೊಂಡನು. ಅವನಿಗೆ ಗಂಡುಸಂತಾನವಿರಲಿಲ್ಲ, ಬದುಕಿದ್ದಾಗ ದತ್ತು ತೆಗೆದುಕೊಂಡಿರಲಿಲ್ಲ. ಮನೆತನದ ಬಂಧುವರ್ಗದ ತರುಣನೊಬ್ಬನನ್ನು ರಾಣಿವಾಸದವರು ದತ್ತುಮಗನೆಂದು ಸ್ವೀಕರಿಸಿ ಜಾನೋಜಿ ಎಂದು ಕರೆದರು. ಮಹಾರಾಷ್ಟ್ರದಲ್ಲಿ ಪ್ರಮಾಣವಾಗಿದ್ದ ಧರ್ಮಶಾಸ್ತ್ರ ಸಂಪ್ರದಾಯದಂತೆ ಗಂಡನ ಸ್ಪಷ್ಟ ಅಪ್ಪಣೆಯಿಲ್ಲದಿದ್ದರೂ ವಿಧವೆಯು ದತ್ತು ತೆಗೆದುಕೊಳ್ಳಬಹುದಾಗಿತ್ತು. ಮನೆಯ ಕಣ್ಣಿನಲ್ಲಿ ಜಾನೋಜಿ ವಾರಸುದಾರ.

ಗವರ್ನರ್ ಜನರಲ್ ಡಾಲ್‌ಹೌಸಿ ಇದನ್ನು ಒಪ್ಪಲಿಲ್ಲ. ಶಾಲೆಯ ಪಾಠಗಳಲ್ಲಿ ‘ದತ್ತು ಮಕ್ಕಳಿಗೆ ಹಕ್ಕಿಲ್ಲ’ ಎಂಬ ಹೆಸರಿನಿಂದ ಪರಿಚಿತವಾದ ನೀತಿಯ ಅತಿ ದೊಡ್ಡ ಪ್ರಯೋಗಗಳಲ್ಲಿ ನಾಗಪುರವೂ ಒಂದು. ಆ ನೀತಿಯ ಒಳತಿರುಳು ಇಷ್ಟು: ದತ್ತುಮಗ ಖಾಸಗಿ ಆಸ್ತಿಗೆ ವಾರಸುದಾರನಾಗಬಹುದು, ಕಂಪನಿಯ ಅಧೀನದಲ್ಲಿರುವ ರಾಜ್ಯಕ್ಕೆ ಕಂಪನಿಯ ಒಪ್ಪಿಗೆಯಿಲ್ಲದೆ ವಾರಸುದಾರನಾಗಲಾರ. ನಾಗಪುರದ ವಿಷಯದಲ್ಲಿ ಕಂಪನಿಯ ಲೆಕ್ಕಾಚಾರದೊಳಗೆ ಈ ಸೀಮೆಯ ಹತ್ತಿಯೂ ಸೇರಿತ್ತು. ಗವರ್ನರ್ ಜನರಲನ ಮಂಡಲಿಯ ಸದಸ್ಯನಾಗಿದ್ದ ಕರ್ನಲ್ ಜಾನ್ ಲೋ ಎಂಬವನು ಈ ನಿರ್ಧಾರವನ್ನು ಲಿಖಿತವಾಗಿ ವಿರೋಧಿಸಿದ್ದನು. ಆದರೂ 1854ರಲ್ಲಿ ನಾಗಪುರ ರಾಜ್ಯ ಬ್ರಿಟಿಷ್ ಆಡಳಿತಕ್ಕೆ ಸೇರಿತು.

ಮನೆಯ ಚರಿತ್ರೆಯ ದೃಷ್ಟಿಯಿಂದ ಇದರ ಮುಂದಿನ ಘಟ್ಟ ಮುಖ್ಯವಾದುದು. ಯಾವುದು ರಾಜ್ಯದ ಸ್ವತ್ತು, ಯಾವುದು ಮನೆಯ ಸ್ವತ್ತು ಎಂಬ ಗೆರೆಯನ್ನು ಎಳೆಯುವ ಅಧಿಕಾರ ಈಗ ಕಂಪನಿಯ ಕೈಯಲ್ಲಿತ್ತು. ಆನೆ, ಕುದುರೆ, ಎತ್ತುಗಳು ಹರಾಜಾದವು. ಮನೆಯ ಒಡವೆಗಳು ಮಾರಾಟಕ್ಕಾಗಿ ಕಲ್ಕತ್ತೆಗೆ ಹೋದವು. ಬಂದ ಹಣದಿಂದ ಭೋಂಸಲೆ ನಿಧಿ ಎಂಬುದನ್ನು ಸ್ಥಾಪಿಸಿ ಮನೆಯವರ ಜೀವನಾಂಶಕ್ಕೆ ಏರ್ಪಾಡು ಮಾಡಲಾಯಿತು. ತಮ್ಮದೇ ಒಡವೆಯನ್ನು ಮಾರಿ ಬಂದ ಹಣದಿಂದ ತಮಗೇ ಜೀವನಾಂಶ ಬರುವ ಈ ಏರ್ಪಾಡು ಮನೆಯವರಿಗೆ ಹೇಗೆ ಕಂಡಿರಬೇಕೆಂಬುದನ್ನು ಊಹಿಸುವುದು ಕಷ್ಟವಲ್ಲ. ಎರಡನೆಯ ರಘೂಜಿಯ ವಿಧವೆ, ವಯೋವೃದ್ಧೆ ಬಾಂಕಾಬಾಯಿ, ಪೀಠೋಪಕರಣಗಳನ್ನು ಹೊರಗೆ ಸಾಗಿಸಿದರೆ ಅರಮನೆಗೇ ಬೆಂಕಿ ಇಡುವೆನೆಂದಳೆಂದು ಬ್ರಿಟಿಷ್ ಇತಿಹಾಸಕಾರ ಜಾನ್ ಕೇ ಬರೆದಿದ್ದಾನೆ. ಇದೇ ಬಾಂಕಾಬಾಯಿ 1857ರ ದಂಗೆಯ ಕಾಲದಲ್ಲಿ ಮನೆತನವನ್ನು ಬ್ರಿಟಿಷರ ವಿರುದ್ಧ ತಿರುಗದಂತೆ ತಡೆದಳು. ದಂಗೆ ಅಡಗಿದ ಮೇಲೆ ಸರಕಾರವು ಜಾನೋಜಿಯನ್ನು ಮನೆತನದ ಮುಖ್ಯಸ್ಥನೆಂದು ಮನ್ನಿಸಿ ‘ದೇವೂರಿನ ರಾಜಾಬಹಾದ್ದೂರ್’ ಎಂಬ ಬಿರುದನ್ನು ಕೊಟ್ಟಿತು. ಹೆಸರು ಮರಳಿ ಬಂತು, ರಾಜ್ಯ ಬರಲಿಲ್ಲ.

ರಘೂಜಿಯು ಗೊಂಡರಿಗೆ ಮಾಡಿದುದನ್ನೂ ಕಂಪನಿಯು ಭೋಂಸಲೆಯರಿಗೆ ಮಾಡಿದುದನ್ನೂ ಒಟ್ಟಿಗೆ ಇಟ್ಟು ನೋಡಿದರೆ, ಎರಡೂ ಕಡೆ ಸೋತವನಿಗೆ ಜೀವನಾಂಶವೂ ಬಿರುದೂ ದೊರೆತವು. ಆದರೆ ಮೊದಲನೆಯದರಲ್ಲಿ ಹಳೆಯ ಮನೆಗೆ ಮಾನ್ಯತೆ ಉಳಿಯಿತು. ಎರಡನೆಯದರಲ್ಲಿ ಮನೆಯ ಒಳಗಿನ ವಸ್ತುಗಳು ಬೆಲೆ ಕಟ್ಟಲಾದ ಸರಕಾದವು.

4

ಮೈಸೂರಿನ ಕಥೆ ಈ ಹಂತದಲ್ಲಿ ನಾಗಪುರದ ಕಥೆಯ ಪಕ್ಕಕ್ಕೆ ಬರುತ್ತದೆ. 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತ ಬ್ರಿಟಿಷ್ ಕಮಿಷನರುಗಳ ಕೈಗೆ ಹೋಗಿತ್ತು. ಅರಸರು ಅರಮನೆಯಲ್ಲಿದ್ದರು, ರಾಜ್ಯ ಅವರ ಕೈಯಲ್ಲಿರಲಿಲ್ಲ. ಅವರಿಗೂ ಪಟ್ಟಕ್ಕೆ ಬರಬಲ್ಲ ಔರಸ ಪುತ್ರನಿರಲಿಲ್ಲ. 1865ರ ಜೂನ್ ತಿಂಗಳಲ್ಲಿ ಬೆಟ್ಟದಕೋಟೆ ಮನೆತನದ ಎರಡು ವರ್ಷದ ಮಗು ಚಾಮರಾಜೇಂದ್ರನನ್ನು ಅವರು ದತ್ತು ತೆಗೆದುಕೊಂಡರು. ನಾಗಪುರದ ರಘೂಜಿ ಮಾಡದೆ ಬಿಟ್ಟ ಕೆಲಸವನ್ನು ಮುಮ್ಮಡಿಯವರು ತಮ್ಮ ಕಣ್ಣೆದುರಿಗೇ, ಶಾಸ್ತ್ರೋಕ್ತವಾಗಿ, ಸಾರ್ವಜನಿಕವಾಗಿ ಮಾಡಿ ಮುಗಿಸಿದರು ಎಂಬುದು ಇಲ್ಲಿಯ ಮುಖ್ಯ ಅಂಶ.

ಭಾರತ ಸರಕಾರ ಮೊದಲು ಈ ದತ್ತನ್ನು ರಾಜ್ಯದ ಮಟ್ಟಿಗೆ ಒಪ್ಪಲಿಲ್ಲ. ಆದರೆ 1854ಕ್ಕೂ 1865ಕ್ಕೂ ನಡುವೆ 1857 ಸಂಭವಿಸಿತ್ತು. ನಾಗಪುರ, ಝಾನ್ಸಿ, ಸಾತಾರಾಗಳ ಸೇರ್ಪಡೆ ದೇಶೀಯ ಸಂಸ್ಥಾನಗಳಲ್ಲಿ ಹುಟ್ಟಿಸಿದ ಭಯವೂ ದಂಗೆಯ ಕಾರಣಗಳಲ್ಲಿ ಒಂದೆಂದು ಇಂಗ್ಲೆಂಡಿನಲ್ಲಿಯೂ ಹಲವರು ಮನಗಂಡಿದ್ದರು. ಲಾರ್ಡ್ ಕ್ಯಾನಿಂಗನು ಹಲವು ಸಂಸ್ಥಾನಗಳಿಗೆ ದತ್ತಿನ ಹಕ್ಕನ್ನು ಮನ್ನಿಸುವ ಸನದುಗಳನ್ನು ಕೊಟ್ಟಿದ್ದನು. ಮೈಸೂರಿನ ಪ್ರಶ್ನೆ ಪಾರ್ಲಿಮೆಂಟಿನವರೆಗೆ ಹೋಯಿತು. 1867ರ ಏಪ್ರಿಲಿನಲ್ಲಿ ಭಾರತ ಮಂತ್ರಿ ಸ್ಟ್ಯಾಫರ್ಡ್ ನಾರ್ತ್‌ಕೋಟನು ದತ್ತುಪುತ್ರನನ್ನು ಉತ್ತರಾಧಿಕಾರಿಯೆಂದು ಒಪ್ಪುವ ನಿರ್ಧಾರವನ್ನು ತಿಳಿಸಿದನು. ಮುಮ್ಮಡಿಯವರು 1868ರ ಮಾರ್ಚ್ 27ರಂದು ಕಾಲವಾದರು. 1881ರ ಮಾರ್ಚ್ 25ರಂದು ಚಾಮರಾಜೇಂದ್ರ ಒಡೆಯರಿಗೆ ರಾಜ್ಯಾಧಿಕಾರ ಮರಳಿ ಬಂದಿತು.

ಇದರಲ್ಲಿ ಮೈಸೂರಿನವರ ಛಲವೂ ಇದೆ, ಕಾಲದ ಅನುಕೂಲವೂ ಇದೆ. ನಾಗಪುರ ಕಳೆದುಕೊಂಡುದು ಮೈಸೂರಿಗೆ ಎಚ್ಚರಿಕೆಯಾಗಿ ಒದಗಿತೆಂದು ಹೇಳಿದರೆ ಅತಿಶಯವಾಗಲಾರದು.

5

ಈ ಎರಡು ಉತ್ತರಗಳ ಫಲ ಕಟ್ಟಡಗಳ ಮಟ್ಟದಲ್ಲಿ ಹೇಗೆ ಕಾಣಿಸಿತೆಂಬುದಕ್ಕೆ ಎರಡು ಅಗ್ನಿ ಅನಾಹುತಗಳೇ ಸಾಕ್ಷಿ.

1864ರಲ್ಲಿ ನಾಗಪುರದ ಭೋಂಸಲೆ ಅರಮನೆಗೆ ಬೆಂಕಿ ಬಿದ್ದಿತು. ಬಾಂಕಾಬಾಯಿ ತೀರಿಕೊಂಡು ಆಗ ಆರು ವರ್ಷಗಳಾಗಿದ್ದವು. ಕೆತ್ತನೆಯ ಮರವೆಲ್ಲ ಉರಿದುಹೋಯಿತು. ನಗಾರಖಾನೆಯ ಹೆಬ್ಬಾಗಿಲು ಉಳಿಯಿತು. ಆ ವೇಳೆಗೆ ನಾಗಪುರ 1861ರಲ್ಲಿ ರಚಿತವಾದ ಮಧ್ಯಪ್ರಾಂತ್ಯದ ರಾಜಧಾನಿಯಾಗಿತ್ತು. ಆದರೆ ರಾಜಧಾನಿಗೆ ಆ ಅರಮನೆ ಬೇಕಿರಲಿಲ್ಲ. ಚೀಫ್ ಕಮಿಷನರನ ಸರಕಾರಕ್ಕೆ ತನ್ನದೇ ಬಂಗಲೆಗಳೂ ಕಚೇರಿಗಳೂ ಇದ್ದವು. ರಾಜ್ಯವಿಲ್ಲದ ಮನೆತನಕ್ಕೆ ರಾಜ್ಯಕ್ಕೆ ತಕ್ಕ ಅರಮನೆಯನ್ನು ಮತ್ತೆ ಎಬ್ಬಿಸುವ ಶಕ್ತಿಯಿರಲಿಲ್ಲ. ಭೋಂಸಲೆಯರ ವಂಶದವರು ಮಹಾಲ್ ಭಾಗದ ವಾಡೆಗಳಲ್ಲಿ ಬಾಳಿಕೊಂಡು ಬಂದರು. ಹಿರಿಯ ಮನೆ, ಕಿರಿಯ ಮನೆ ಎಂಬ ಎರಡು ಶಾಖೆಗಳ ಹೆಸರುಗಳು ನಗರದಲ್ಲಿ ಉಳಿದುಬಂದಿವೆ.

1897ರಲ್ಲಿ ಮೈಸೂರಿನ ಹಳೆಯ ಮರದ ಅರಮನೆಗೂ ಬೆಂಕಿ ಬಿದ್ದಿತು. ಚಾಮರಾಜೇಂದ್ರ ಒಡೆಯರು 1894ರಲ್ಲಿ ಕಲ್ಕತ್ತೆಯಲ್ಲಿ ಅಕಾಲ ಮರಣಕ್ಕೆ ಈಡಾಗಿದ್ದರು. ಅರಸಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು ರೀಜೆಂಟರಾಗಿದ್ದರು. ಹಿರಿಯ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆಯ ಸಂಭ್ರಮದ ನಡುವೆಯೇ ಈ ಅನಾಹುತ ನಡೆಯಿತು. ಆದರೆ ಇಲ್ಲಿ ರಾಜ್ಯವಿತ್ತು, ಬೊಕ್ಕಸವಿತ್ತು, ಪಟ್ಟಕ್ಕೆ ಬರಬೇಕಾದ ಬಾಲಕನ ಹಕ್ಕು ನಿಸ್ಸಂದೇಹವಾಗಿತ್ತು. ಅದೇ ವರ್ಷ ಹೊಸ ಅರಮನೆಯ ಕೆಲಸ ಆರಂಭವಾಯಿತು. ಹೆನ್ರಿ ಇರ್ವಿನ್ ಎಂಬ ವಾಸ್ತುಶಿಲ್ಪಿಯ ನಕ್ಷೆಯಂತೆ 1912ರಲ್ಲಿ ಅದು ಮುಗಿಯಿತು. ತಗುಲಿದ ವೆಚ್ಚ 41,47,913 ರೂಪಾಯಿ.

ಎರಡೂ ಮರದ ಕೆತ್ತನೆಯಿಂದ ಮೆರೆದ ಅರಮನೆಗಳೇ. ಎರಡಕ್ಕೂ ಬಂದ ವಿಪತ್ತು ಒಂದೇ. ಒಂದು ಬೂದಿಯಾಗಿ ಉಳಿಯಿತು, ಇನ್ನೊಂದು ಹದಿನೈದು ವರ್ಷಗಳಲ್ಲಿ ಹಿಂದಿಗಿಂತ ದೊಡ್ಡದಾಗಿ ಎದ್ದಿತು. 1854ರ ಮತ್ತು 1867ರ ತೀರ್ಮಾನಗಳ ನಡುವಿನ ಅಂತರ ಇದು.

6

ಹೊಸ ಅರಮನೆ ಏಳುತ್ತಿದ್ದಾಗಲೇ, ಯಾರ ಮದುವೆಯ ಕಾಲದಲ್ಲಿ ಹಳೆಯದು ಉರಿದಿತ್ತೋ ಆ ರಾಜಕುಮಾರಿಗಾಗಿ ಇನ್ನೊಂದು ಮನೆ ಎದ್ದಿತು. ಕುಕ್ಕರಹಳ್ಳಿ ಕೆರೆಯ ಪಶ್ಚಿಮಕ್ಕಿರುವ ದಿಣ್ಣೆಯ ಮೇಲೆ 1905ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ನಿರ್ಮಿತವಾದ ಜಯಲಕ್ಷ್ಮೀ ವಿಲಾಸವೇ ಅದು. ಮೊದಲನೆಯ ರಾಜಕುಮಾರಿಯ ಮಹಲು ಎಂದೂ ಅದಕ್ಕೆ ಹೆಸರು. ಕಟ್ಟಡ ಪೂರ್ವಾಭಿಮುಖವಾದುದು, ಉತ್ತರ, ಮಧ್ಯ, ದಕ್ಷಿಣ ಎಂದು ಅದಕ್ಕೆ ಮೂರು ಅಂಗಗಳು. ಮುಂಭಾಗದಲ್ಲಿ ಐರೋಪ್ಯ ಮಾದರಿಯ ಜೋಡಿ ಕಂಬಗಳು, ತ್ರಿಕೋಣದ ಮುಖಶಿಖರ. ಒಳಗೆ ಬಣ್ಣದ ಗಾಜಿನಿಂದ ಬೆಳಕು ಇಳಿಯುವ ಕಲ್ಯಾಣಮಂಟಪ. 125 ಕೋಣೆಗಳು, 300 ಕಿಟಕಿಗಳು, 287 ಕೆತ್ತನೆಯ ಬಾಗಿಲುಗಳು ಎಂಬುದು ಪ್ರಸಿದ್ಧವಾದ ಲೆಕ್ಕ. ಹೊರಗಿನ ರೂಪ ಐರೋಪ್ಯವಾದರೂ ಒಳಗಿನ ಬದುಕಿನ ವ್ಯವಸ್ಥೆ ಅರಸು ಮನೆತನದ ಮದುವೆ, ಪೂಜೆ, ಹಬ್ಬಗಳಿಗೆ ಹೊಂದಿಕೊಂಡದ್ದು.

ಜಯಲಕ್ಷಮ್ಮಣ್ಣಿಯವರ ಪತಿ ಸರದಾರ್ ಎಂ. ಕಾಂತರಾಜ ಅರಸು. ಅವರು ವಾಣಿವಿಲಾಸ ಸನ್ನಿಧಾನದವರ ತಮ್ಮ, ಅಂದರೆ ವಧುವಿಗೆ ಸೋದರಮಾವ. ಕನ್ನಡ ನಾಡಿನ ಅನೇಕ ಮನೆಗಳಲ್ಲಿ ಇರುವ ಸೋದರಮಾವನ ಸಂಬಂಧವೇ ಅರಮನೆಯಲ್ಲಿಯೂ ನಡೆದಿತ್ತು. ವಿಶ್ವೇಶ್ವರಯ್ಯನವರ ನಂತರ ದಿವಾನರಾದ ಕಾಂತರಾಜ ಅರಸರು 1922ರವರೆಗೆ ಆ ಹುದ್ದೆಯಲ್ಲಿದ್ದರು. ಮೈಸೂರಿನ ಕಾಂತರಾಜ ಅರಸು ರಸ್ತೆ ಅವರ ನೆನಪಿನದು.

ಹೆಣ್ಣುಮಕ್ಕಳಿಗೆ ಸಿಂಹಾಸನದ ಹಕ್ಕಿಲ್ಲದ ವ್ಯವಸ್ಥೆಯಲ್ಲಿ ರಾಜಕುಮಾರಿಯರಿಗೆ ದೊರೆತದ್ದು ಮನೆ. ಎರಡನೆಯ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರಿಗೆ ಕಾರಂಜಿ ಮಹಲು, ಮೂರನೆಯವರಾದ ಚೆಲುವಾಜಮ್ಮಣ್ಣಿಯವರಿಗೆ ಚೆಲುವಾಂಬ ಮಹಲು. ನಾಗಪುರದ ರಾಣಿಯರು ದತ್ತಿನ ಮೂಲಕ ರಾಜ್ಯವನ್ನು ಉಳಿಸಿಕೊಳ್ಳಲು ಯತ್ನಿಸಿ ವಿಫಲರಾದರು. ಮೈಸೂರಿನ ರಾಜಕುಮಾರಿಯರು ರಾಜ್ಯದ ಮಾತಿಲ್ಲದೆ ಮನೆಗಳ ಒಡತಿಯರಾದರು. ಅರಸರ ಚರಿತ್ರೆಯಲ್ಲಿ ಹೆಣ್ಣಿನ ಹೆಸರು ಬಹುಬಾರಿ ಉಳಿಯುವುದು ಹೀಗೆ ಕೆರೆ, ಆಸ್ಪತ್ರೆ, ಮನೆಗಳ ಹೆಸರಿನಲ್ಲಿ.

ಸ್ವಾತಂತ್ರ್ಯಾನಂತರ ಈ ಮೂರು ಮನೆಗಳೂ ಸಾರ್ವಜನಿಕ ಸಂಸ್ಥೆಗಳಾದವು. ಚೆಲುವಾಂಬ ಮಹಲಿನಲ್ಲಿ 1950ರಲ್ಲಿ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ ಉದ್ಘಾಟನೆಯಾಯಿತು. ಕಾರಂಜಿ ಮಹಲು ಅಂಚೆ ಇಲಾಖೆಯ ತರಬೇತಿ ಕೇಂದ್ರವಾಯಿತು. ಜಯಲಕ್ಷ್ಮೀ ವಿಲಾಸ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಬಂತು.

7

1956ರ ನವೆಂಬರ್ 1ನೆಯ ದಿನ ಎರಡೂ ನಗರಗಳ ಚರಿತ್ರೆಯಲ್ಲಿ ಮುಖ್ಯವಾದುದು. ಅಂದು ರಾಜ್ಯಗಳ ಪುನರ್ವಿಂಗಡಣೆಯಿಂದ ನಾಗಪುರ ಮುಂಬಯಿ ರಾಜ್ಯಕ್ಕೆ ಸೇರಿ, ಸುಮಾರು ಒಂದು ಶತಮಾನದ ಪ್ರಾಂತೀಯ ರಾಜಧಾನಿಯ ಸ್ಥಾನವನ್ನು ಕಳೆದುಕೊಂಡಿತು; ಮಹಾರಾಷ್ಟ್ರ ವಿಧಾನಮಂಡಲದ ಚಳಿಗಾಲದ ಅಧಿವೇಶನ ಅಲ್ಲಿ ನಡೆಯುವ ವಾಡಿಕೆ ಆ ಹಳೆಯ ಸ್ಥಾನದ ನೆನಪು. ಅದೇ ದಿನ ಕನ್ನಡ ನಾಡು ಒಂದಾಗಿ ವಿಶಾಲ ಮೈಸೂರು ರಾಜ್ಯ ರೂಪುಗೊಂಡಿತು. ಭಾಷೆಯ ಆಧಾರದ ಮೇಲೆ ರಾಜ್ಯ ಏರ್ಪಟ್ಟ ಮೇಲೆ, ಆ ಭಾಷೆಯ ಉನ್ನತ ಅಧ್ಯಯನಕ್ಕೆ ನೆಲೆ ಎಲ್ಲಿ ಎಂಬ ಪ್ರಶ್ನೆ ಸಹಜವಾಗಿಯೇ ಎದ್ದಿತು.

ಆ ವರ್ಷವೇ ಕುವೆಂಪು ಅವರು ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾದರು. ಅವರ ಅಧಿಕಾರಾವಧಿಯಲ್ಲಿ, 1959ರಲ್ಲಿ, ವಿಶ್ವವಿದ್ಯಾನಿಲಯವು ಜಯಲಕ್ಷ್ಮೀ ವಿಲಾಸವನ್ನು ಕೊಂಡುಕೊಂಡಿತು. 1960ರಲ್ಲಿ ಆರಂಭವಾದ ಸ್ನಾತಕೋತ್ತರ ಕೇಂದ್ರಕ್ಕೆ ಮಾನಸಗಂಗೋತ್ರಿ ಎಂಬ ಹೆಸರನ್ನು ಇಟ್ಟವರೂ ಅವರೇ. ಇದು ಮುತ್ತಿಗೆಯಲ್ಲ, ಜಪ್ತಿಯಲ್ಲ, ವಾರಸುದಾರಿಕೆಯೂ ಅಲ್ಲ, ಕ್ರಯ. ಬೆಂಗಳೂರು ಮತ್ತು ಮೈಸೂರು ಅರಮನೆಗಳ ಸ್ವಾಧೀನಕ್ಕೆಂದು 1996ರಲ್ಲಿ ಮತ್ತು 1998ರಲ್ಲಿ ಬಂದ ಕಾಯಿದೆಗಳು ದೀರ್ಘ ವ್ಯಾಜ್ಯಗಳಿಗೆ ಕಾರಣವಾದುದನ್ನು ನೆನೆದರೆ, ಕ್ರಯದಿಂದ ಬಂದ ಈ ಒಡೆತನದ ಸರಳತೆ ಗೊತ್ತಾಗುತ್ತದೆ.

1966ರಲ್ಲಿ ದೇ. ಜವರೇಗೌಡರ ನೇತೃತ್ವದಲ್ಲಿ ಕನ್ನಡ ಅಧ್ಯಯನ ಸಂಸ್ಥೆ ಆರಂಭವಾಯಿತು. 1968ರಲ್ಲಿ ಜಯಲಕ್ಷ್ಮೀ ವಿಲಾಸದಲ್ಲಿ ಜಾನಪದ ವಸ್ತುಸಂಗ್ರಹಾಲಯ ರೂಪುಗೊಂಡಿತು. ಕಲಾವಿದ ಪಿ.ಆರ್. ತಿಪ್ಪೇಸ್ವಾಮಿ, ಜಾನಪದ ವಿದ್ವಾಂಸ ಜೀ.ಶಂ. ಪರಮಶಿವಯ್ಯ ಮೊದಲಾದವರು ಹಳ್ಳಿಹಳ್ಳಿ ಸುತ್ತಿ ವಸ್ತುಗಳನ್ನು ಕೂಡಿಸಿದರು. ಸಂಗ್ರಹ 6,500ಕ್ಕೂ ಮಿಕ್ಕಿ ಬೆಳೆಯಿತು. ಬೇಸಾಯದ ಉಪಕರಣಗಳು, ಅಡುಗೆಮನೆಯ ಪಾತ್ರೆಪದಾರ್ಥಗಳು, ತೊಗಲುಗೊಂಬೆಗಳು, ಯಕ್ಷಗಾನದ ವೇಷಭೂಷಣಗಳು, ಗ್ರಾಮದೇವತೆಗಳ ಮುಖವಾಡಗಳು ರಾಜಕುಮಾರಿಯ ಕೋಣೆಗಳಲ್ಲಿ ನೆಲೆಗೊಂಡವು. ಕನ್ನಡ ಸಾಹಿತಿಗಳು ಬಳಸಿದ ವಸ್ತುಗಳಿಗೂ ಅಲ್ಲಿ ಸ್ಥಳ ದೊರೆಯಿತು.

ಈ ಬದಲಾವಣೆಯ ಅರ್ಥ ಕೇವಲ ಸ್ಥಳಾವಕಾಶದ್ದಲ್ಲ. ಅರಮನೆಯ ಅಂಗಳಕ್ಕೆ ಬೇಡಿಕೆ ಹೊತ್ತು ಬರಬಹುದಾಗಿದ್ದ ಒಕ್ಕಲಿನವನ ನೇಗಿಲು ಈಗ ಅರಮನೆಯ ಒಳಗೆ, ನೋಡಿ ಗೌರವಿಸಬೇಕಾದ ವಸ್ತುವಾಗಿ ನಿಂತಿತು. ನಾಗಪುರದಲ್ಲಿ ಅರಮನೆಯ ವಸ್ತುಗಳು ಹೊರಗೆ ಹೋಗಿ ಹರಾಜಾದವು. ಮೈಸೂರಿನಲ್ಲಿ ಊರುಕೇರಿಗಳ ವಸ್ತುಗಳು ಒಳಗೆ ಬಂದು ಬೆಲೆ ಕಟ್ಟಲಾಗದವಾದವು. ಕನ್ನಡದ ವಿದ್ವತ್ತು ಹಳಗನ್ನಡ ಕಾವ್ಯ, ಶಾಸನಗಳ ಜೊತೆಗೆ ಜನಪದವನ್ನೂ ತನ್ನ ಅಧ್ಯಯನದ ವಸ್ತುವೆಂದು ಒಪ್ಪಿಕೊಂಡ ಕಾಲದ ಕಣ್ಣಿಗೆ ಕಾಣುವ ದಾಖಲೆ ಈ ಮನೆ.

ಆದರೆ ಇಲ್ಲಿ ಇನ್ನೊಂದು ಒಡೆತನದ ಪ್ರಶ್ನೆಯೂ ಅಡಗಿದೆ. ಮನೆಯನ್ನು ಕ್ರಯಕ್ಕೆ ಕೊಂಡದ್ದು ಸರಿ; ಮನೆಯೊಳಗಿನ ವಸ್ತುಗಳ ಒಡೆಯರು ಯಾರು? ತೊಗಲುಗೊಂಬೆಯೊಂದನ್ನು ಆಡಿಸುತ್ತಿದ್ದ ಮೇಳ, ಮುಖವಾಡವೊಂದನ್ನು ಪೂಜಿಸುತ್ತಿದ್ದ ಊರು, ಬೀಸುಕಲ್ಲೊಂದರ ಮುಂದೆ ಕುಳಿತು ಹಾಡುತ್ತಿದ್ದ ಹೆಣ್ಣುಮಕ್ಕಳು ಆ ವಸ್ತುಗಳಿಗೆ ಅರ್ಥ ಕೊಟ್ಟವರು. ಯಾವ ಊರಿನದು, ಯಾರ ಕೈಯದು, ಯಾವ ಸಂದರ್ಭದಲ್ಲಿ ಬಳಕೆಯಾಗುತ್ತಿತ್ತು, ಅದಕ್ಕೆ ಅಲ್ಲಿಯ ಮಾತಿನಲ್ಲಿ ಏನು ಹೆಸರು ಎಂಬ ವಿವರಗಳು ವಸ್ತುವಿನೊಡನೆ ಉಳಿದರೆ ಅದು ವಿದ್ಯೆ. ಉಳಿಯದಿದ್ದರೆ ಅದು ಕೇವಲ ಹಳೆಯ ಸಾಮಾನು. ಈ ಕೆಲಸ ವಾಸ್ತುಶಿಲ್ಪಿಯದಲ್ಲ, ಕನ್ನಡದ ವಿದ್ಯಾರ್ಥಿಯದು.

8

ಹಕ್ಕು ನಿಶ್ಚಿತವಾದ ಮೇಲೆ ಮನೆ ತಾನಾಗಿ ಉಳಿಯುತ್ತದೆ ಎಂಬ ನಂಬಿಕೆಯನ್ನು ಜಯಲಕ್ಷ್ಮೀ ವಿಲಾಸದ ಮುಂದಿನ ಚರಿತ್ರೆ ಸುಳ್ಳುಮಾಡಿದೆ. ಕಾಲಕ್ರಮದಲ್ಲಿ ಕಟ್ಟಡ ಶಿಥಿಲವಾಯಿತು. ಇಪ್ಪತ್ತೊಂದನೆಯ ಶತಮಾನದ ಮೊದಲ ದಶಕದಲ್ಲಿ ಇನ್ಫೋಸಿಸ್ ಪ್ರತಿಷ್ಠಾನದ ಧನಸಹಾಯದಿಂದ ದೊಡ್ಡ ಪ್ರಮಾಣದ ಜೀರ್ಣೋದ್ಧಾರ ನಡೆಯಿತು. ಅದಾದ ಮೇಲೆಯೂ ಮಳೆಗಾಲಗಳಲ್ಲಿ ಮಾಳಿಗೆ ಸೋರತೊಡಗಿ, ಕಟ್ಟಡದ ಭಾಗಗಳು ಮತ್ತೆ ದುರ್ಬಲವಾದ ಸಂಗತಿ ಪತ್ರಿಕೆಗಳಲ್ಲಿ ಪದೇ ಪದೇ ಚರ್ಚೆಗೆ ಬಂದಿತು.

ಇದರ ಕಾರಣ ನಿಗೂಢವಾದುದಲ್ಲ. ಮರದ ತೊಲೆ, ಇಟ್ಟಿಗೆ, ಸುಣ್ಣದ ಗಾರೆಯ ಹಳೆಯ ಕಟ್ಟಡಗಳು ಉಸಿರಾಡುವ ಕಟ್ಟಡಗಳು. ಗೋಡೆಗೆ ಸೇರಿದ ತೇವ ಸುಣ್ಣದ ಮೂಲಕ ಹೊರಗೆ ಆರಿಹೋಗಬೇಕು, ಕಿಟಕಿಬಾಗಿಲುಗಳು ದಿನವೂ ತೆರೆಯಬೇಕು, ಮಳೆಗಾಲಕ್ಕೆ ಮುನ್ನ ಮಾಳಿಗೆಯ ಬಿರುಕುಗಳನ್ನೂ ನೀರು ಹೋಗುವ ದೋಣಿಗಳನ್ನೂ ನೋಡಿಕೊಳ್ಳಬೇಕು. ತೊಲೆಯ ತುದಿ ಗೋಡೆಯೊಳಗೆ ಹೊಕ್ಕಿರುವ ಜಾಗದಲ್ಲಿ ನೀರು ನಿಂತರೆ ಮರ ಕೊಳೆಯುತ್ತದೆ, ಗೆದ್ದಲು ಸೇರುತ್ತದೆ. ಮೇಲಿನ ಭಾರ ಹಾಗೆಯೇ ಇರುತ್ತದೆ. ಅವಸರದಲ್ಲಿ ಸಿಮೆಂಟಿನ ಗಿಲಾವು ಬಳಿದರೆ ತೇವ ಒಳಗೇ ಸಿಕ್ಕಿಕೊಂಡು ಹಾನಿ ಹೆಚ್ಚುತ್ತದೆ. ಜನ ವಾಸವಾಗಿರುವ ಮನೆಯಲ್ಲಿ ಮೊದಲ ಹನಿ ಬಿದ್ದ ರಾತ್ರಿಯೇ ಯಾರಾದರೊಬ್ಬರು ಎದ್ದು ಪಾತ್ರೆ ಇಡುತ್ತಾರೆ, ಬೆಳಗಾದರೆ ಗಾರೆಯವನನ್ನು ಕರೆಸುತ್ತಾರೆ. 125 ಕೋಣೆಗಳ ಸಾರ್ವಜನಿಕ ಕಟ್ಟಡದಲ್ಲಿ ಆ ಹನಿಯನ್ನು ಕಾಣುವ ಕಣ್ಣು ಬೇಕು. ಕಂಡ ಮೇಲೆ ಅಂದಾಜು ಪಟ್ಟಿ, ಮಂಜೂರಾತಿ, ಗುತ್ತಿಗೆಗಳ ದಾರಿಯನ್ನು ದಾಟಬೇಕು. ಅಷ್ಟರಲ್ಲಿ ಇನ್ನೊಂದು ಮಳೆಗಾಲ ಬಂದಿರುತ್ತದೆ. ಹತ್ತು ವರ್ಷಕ್ಕೊಮ್ಮೆ ಬರುವ ದೊಡ್ಡ ಮೊತ್ತಕ್ಕಿಂತ ವರ್ಷವರ್ಷವೂ ತಪ್ಪದೆ ಬರುವ ಸಣ್ಣ ಮೊತ್ತ, ಹೆಸರು ಹೇಳಿ ಹೊಣೆ ಹೊರಿಸಬಹುದಾದ ಒಬ್ಬ ಉಸ್ತುವಾರಿ, ಸುಣ್ಣದ ಕೆಲಸ ಬಲ್ಲ ಕೈಗಳು ಇಂಥ ಮನೆಗಳಿಗೆ ಹೆಚ್ಚು ಅವಶ್ಯ.

ನಾಗಪುರದ ಅರಮನೆಗೆ ಹಕ್ಕಿಲ್ಲದುದರಿಂದ ಕೇಡಾಯಿತು. ಜಯಲಕ್ಷ್ಮೀ ವಿಲಾಸಕ್ಕೆ ಹಕ್ಕಿನ ಕೊರತೆಯೆಂದೂ ಇರಲಿಲ್ಲ. ಅದಕ್ಕೆ ಬೇಕಾದದ್ದು ನಿತ್ಯದ ಆರೈಕೆ. ಎರಡು ಮನೆಗಳ ಚರಿತ್ರೆಯಿಂದ ತಿಳಿದುಬರುವ ಪಾಠ ಇಲ್ಲಿ ಒಂದೆಡೆ ಕೂಡುತ್ತದೆ.

ಧರ್ಮಶಾಸ್ತ್ರದಲ್ಲಿ ದತ್ತು ಎಂಬುದು ಹಕ್ಕಿನ ಮಾತು ಮಾತ್ರವಲ್ಲ. ದತ್ತುಮಗನು ಆಸ್ತಿಗೆ ಬಾಧ್ಯನಾಗುವಂತೆ ಮನೆಯ ಋಣಕ್ಕೂ ಬಾಧ್ಯನಾಗುತ್ತಾನೆ. ಹಿರಿಯರ ಶ್ರಾದ್ಧವನ್ನು ವರ್ಷ ವರ್ಷವೂ ನಡೆಸಬೇಕಾದವನೂ ಅವನೇ. 1853ರಲ್ಲಿ ನಾಗಪುರದಲ್ಲಿಯೂ 1865ರಿಂದ 1867ರವರೆಗೆ ಮೈಸೂರಿನಲ್ಲಿಯೂ ನಡೆದ ವಾದಗಳೆಲ್ಲ ದತ್ತಿನ ಮೊದಲ ಅರ್ಧವನ್ನು, ಅಂದರೆ ಹಕ್ಕನ್ನು ಕುರಿತವು. ವಿಶ್ವವಿದ್ಯಾನಿಲಯವೊಂದು ಅರಸರ ಮನೆಯನ್ನೂ ಅದರೊಳಗೆ ಜನಪದರ ಬದುಕನ್ನೂ ತನ್ನದಾಗಿಸಿಕೊಂಡಾಗ ಅದು ಒಂದು ಬಗೆಯಲ್ಲಿ ಎರಡು ಮನೆತನಗಳಿಗೆ ದತ್ತು ಹೋದಂತಾಯಿತು. ಆ ದತ್ತಿನ ಹಕ್ಕನ್ನು ಯಾರೂ ಪ್ರಶ್ನಿಸಲಿಲ್ಲ. ಉಳಿದಿರುವುದು ಎರಡನೆಯ ಅರ್ಧ: ವರ್ಷ ವರ್ಷವೂ ಸಲ್ಲಿಸಬೇಕಾದ ಋಣ. ಮಾಳಿಗೆಗೆ ಸುಣ್ಣ, ವಸ್ತುವಿಗೆ ವಿವರ, ವಿವರಕ್ಕೆ ಓದುಗ, ಈ ಮೂರನ್ನು ಒದಗಿಸುವವರೆಗೆ ಒಡೆತನ ಪೂರ್ಣವಾಗುವುದಿಲ್ಲ. ನಾಗಪುರದಲ್ಲಿ ಉಳಿದ ಹೆಬ್ಬಾಗಿಲು ನೆನಪಿಸುವಂತೆ, ಮನೆ ಹೋದ ಮೇಲೆ ಬಾಗಿಲೊಂದು ಉಳಿದು ಚರಿತ್ರೆ ಹೇಳಬಲ್ಲದು. ಆದರೆ ಮೈಸೂರಿನ ಮನೆಗೆ ಹಾಗೆ ಹೇಳಿಸಿಕೊಳ್ಳುವ ಗತಿ ಬರಬೇಕಾದ ಕಾರಣ ಯಾವುದೂ ಇಲ್ಲ.